ಫೆಂಡರ್ ಫ್ಲೇರ್
ಫೆಂಡರ್ ಫ್ಲೇರ್ ಎಂಬುದು ವಾಹನದ ಮಡ್‌ಗಾರ್ಡ್ ಅಂಚಿಗೆ ಜೋಡಿಸುವ ಅಗಲವಾದ ಪಟ್ಟಿ. ಮಾರುತಿ ಜಿಪ್ಸಿಯಂತಹ ಹಳೆಯ ಫೋರ್ ವೀಲ್ ಡ್ರೈವ್ ವಾಹನಗಳಿಗೆ ದೊಡ್ಡ ಟಯರ್ ಅಳವಡಿಸಿದಾಗ, ಹೊರಚಾಚಿದ ಟಯರ್‌ನಿಂದ ಕೆಸರು, ಕಲ್ಲು ಸಿಡಿಯುವುದನ್ನು ಇದು ತಡೆಯುತ್ತದೆ. ಕತ್ತರಿಸಿದ ತಗಡಿನ ಅಂಚಿಗೆ ತುಕ್ಕುನಿರೋಧಕ ಬಣ್ಣ ಬಳಿಯದಿದ್ದರೆ, ಪಟ್ಟಿಯ ಹಿಂದೆ ನಿಂತ ನೀರು ತಗಡನ್ನು ಮರೆಯಲ್ಲೇ ತಿನ್ನುತ್ತದೆ.

205/70 ಆರ್15 ಟಯರ್‌ನ ವ್ಯಾಸ ಸುಮಾರು 668 ಮಿ.ಮೀ.; 235/75 ಆರ್15 ಟಯರ್‌ನದು 734 ಮಿ.ಮೀ. ಮೊದಲನೆಯದರ ಬದಲು ಎರಡನೆಯದನ್ನು ಹಾಕಿದರೆ, ವೇಗಮಾಪಕವು 60 ತೋರಿಸುವಾಗ ವಾಹನವು ಸುಮಾರು 66 ಕಿ.ಮೀ. ವೇಗದಲ್ಲಿರುತ್ತದೆ. ಚಕ್ರವನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುವುದರಿಂದ, ಬೆಂಗಳೂರಿನ ಟಿನ್ ಫ್ಯಾಕ್ಟರಿಯಂತಹ ದಟ್ಟಣೆಯ ಕಡೆ ನಿಂತು ನಿಂತು ಸಾಗುವಾಗ ಕ್ಲಚ್ ಬೇಗ ಸವೆಯುತ್ತದೆ.

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ, ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ.