ಬೀದಿಯಲ್ಲಿ ನಿಂತು ಕಟ್ಟಿದ ಬೆಲೆ

ಸರ್ಕಾರ ಗೃಹಸ್ಥನ ಮನೆ ಬಾಗಿಲಿಗೆ ಬರುವುದು ಹೆಚ್ಚಾಗಿ ಎರಡು ಕೆಲಸಕ್ಕೆ: ಒಂದು, ಮತ ಕೇಳುವುದಕ್ಕೆ, ಇನ್ನೊಂದು, ಕಂದಾಯ ಕೇಳುವುದಕ್ಕೆ. ಮೊದಲನೆಯದು ಐದು ವರ್ಷಕ್ಕೊಮ್ಮೆ. ಎರಡನೆಯದಕ್ಕೆ ಅಂಥ ಬಿಡುವಿಲ್ಲ. ಭೂಕಂದಾಯದ ಚರಿತ್ರೆಯನ್ನು ವಿದ್ವಾಂಸರು ಸಂಪುಟಗಟ್ಟಲೆ ಬರೆದಿದ್ದಾರೆ. ಮನೆಗಂದಾಯಕ್ಕೆ ಆ ಗೌರವ ಸಂದಿಲ್ಲ. ಆದರೂ ಅದರ ಕಥೆಯಲ್ಲಿ ಒಂದು ಸೂಕ್ಷ್ಮವಾದ ಪ್ರಶ್ನೆ ಅಡಗಿದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಮನೆಯ ಬೆಲೆಯೆಷ್ಟೆಂದು ತಿಳಿಯಲು ಸರ್ಕಾರ ಹೊಸ್ತಿಲು ದಾಟಿ ಒಳಗೆ ಬರಬೇಕೆ, ಇಲ್ಲವೆ ಬೀದಿಯಲ್ಲೇ ನಿಂತು ಅಂದಾಜು ಮಾಡಬೇಕೆ? ಒಳಗೆ ಬಂದರೆ ಲೆಕ್ಕ ಸರಿಹೋಗಬಹುದು, ಮನೆಯ ಮಾನ ಹೋಗುತ್ತದೆ. ಹೊರಗೇ ನಿಂತರೆ ಮಾನ ಉಳಿಯುತ್ತದೆ, ಲೆಕ್ಕ ತಪ್ಪುತ್ತದೆ. ಇಂಗ್ಲೆಂಡಿನ ಜನ ಈ ತೊಡಕಿನೊಡನೆ ಮುನ್ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಸೆಣಸುತ್ತ ಬಂದಿದ್ದಾರೆ. ಇಂದು ಅಲ್ಲಿನ ಗೃಹಸ್ಥನೊಬ್ಬ ತನ್ನ ಮನೆಯನ್ನು ತಪ್ಪು ದರ್ಜೆಗೆ ಸೇರಿಸಿದ್ದಾರೆಂದು ತಕರಾರು ಹೂಡಿದರೆ, ಅವನು ಆ ಹಳೆಯ ವ್ಯಾಜ್ಯವನ್ನೇ ಮುಂದುವರಿಸುತ್ತಿದ್ದಾನೆ.

ಕಥೆ ಒಲೆಯಿಂದ ಪ್ರಾರಂಭವಾಗುತ್ತದೆ. 1660ರಲ್ಲಿ ಎರಡನೆಯ ಚಾರ್ಲ್ಸ್ ದೇಶಭ್ರಷ್ಟತೆಯಿಂದ ಮರಳಿ ಸಿಂಹಾಸನವೇರಿದ. ಪಾರ್ಲಿಮೆಂಟು ಅವನಿಗೆ ಗೊತ್ತುಮಾಡಿದ ವರಮಾನ ಸಾಲದೆ ಬಂದಿತು. ಕೊರತೆಯನ್ನು ತುಂಬಲು 1662ರಲ್ಲಿ ಒಲೆಯ ತೆರಿಗೆ ಹುಟ್ಟಿತು. ಮನೆಯೊಳಗಿನ ಒಂದೊಂದು ಒಲೆಗೂ, ಅಗ್ಗಿಷ್ಟಿಕೆಗೂ ವರ್ಷಕ್ಕೆ ಎರಡು ಷಿಲಿಂಗು. ಅದನ್ನು ಎರಡು ಕಂತಿನಲ್ಲಿ ಕೊಡಬೇಕು. ಲೆಕ್ಕ ಸುಲಭ, ತರ್ಕವೂ ಸರಳ: ಶ್ರೀಮಂತನ ಮನೆಯಲ್ಲಿ ಒಲೆ ಹೆಚ್ಚು, ಬಡವನ ಮನೆಯಲ್ಲಿ ಒಂದೋ ಎರಡೋ. ಆದರೆ ಒಲೆ ಇರುವುದು ಮನೆಯ ಒಳಗೆ. ಎಣಿಸಬೇಕಾದರೆ ಅಧಿಕಾರಿ ನಡುಮನೆಗೆ, ಅಡುಗೆಮನೆಗೆ, ಮಲಗುವ ಕೋಣೆಗೆ ಹೋಗಲೇಬೇಕು. ಜನ ಇದನ್ನು ಸಹಿಸಲಿಲ್ಲ. ಬಲಾತ್ಕಾರವಿಲ್ಲದೆ ಈ ಹಣ ಕೊಡುವವರಲ್ಲವೆಂದು ಜನ ಕೂಗಾಡುತ್ತಿದ್ದಾರೆ ಎಂದು ಸ್ಯಾಮ್ಯುಅಲ್ ಪೀಪ್ಸ್ ಅದೇ ವರ್ಷದ ಜೂನ್ ತಿಂಗಳಲ್ಲಿ ತನ್ನ ದಿನಚರಿಯಲ್ಲಿ ಗುರುತುಹಾಕಿಕೊಂಡಿದ್ದಾನೆ. ಮನುಷ್ಯನ ಮನೆಯೇ ಅವನ ಕೋಟೆ ಎಂಬ ಮಾತನ್ನು ಎಡ್ವರ್ಡ್ ಕೋಕ್ 1604ರ ಒಂದು ಮೊಕದ್ದಮೆಯ ವರದಿಯಲ್ಲಿ ಆಗಲೇ ನಮೂದಿಸಿಟ್ಟಿದ್ದ. ಆ ಕೋಟೆಗೆ ಈಗ ಒಲೆ ಎಣಿಸುವವನು ನುಗ್ಗುತ್ತಿದ್ದ.

ಬಡವರಿಗೆ ವಿನಾಯಿತಿ ಇರಲಿಲ್ಲವೆಂದಲ್ಲ. ವರ್ಷಕ್ಕೆ ಇಪ್ಪತ್ತು ಷಿಲಿಂಗಿಗಿಂತ ಹೆಚ್ಚು ಬಾಡಿಗೆ ಬಾಳದ ಮನೆಯಲ್ಲಿ ಇರುವವನು ತೆರಿಗೆಯಿಂದ ಪಾರಾಗಬಹುದಾಗಿತ್ತು. ಆದರೆ ಅದಕ್ಕೆ ಊರ ಪಾದ್ರಿ ಮತ್ತು ಊರ ಅಧಿಕಾರಿಗಳು ಸಹಿಮಾಡಿದ ಪ್ರಮಾಣಪತ್ರ ಬೇಕಿತ್ತು. ಎಂದರೆ ತನ್ನ ಬಡತನವನ್ನು ತಾನೇ ರುಜುವಾತು ಮಾಡಿ, ಊರಿನ ದೊಡ್ಡವರ ಕೈಯಿಂದ ಬರೆಸಿ ತರಬೇಕು. ಆ ಪ್ರಮಾಣಪತ್ರಗಳು ಸಾವಿರಗಟ್ಟಲೆ ಇಂದಿಗೂ ದಫ್ತರಗಳಲ್ಲಿ ಉಳಿದಿವೆ. ಇನ್ನಾವ ದಾಖಲೆಯಲ್ಲೂ ಹೆಸರಿಲ್ಲದ ಬಡವರು ಅವುಗಳಲ್ಲಿ ಬದುಕಿದ್ದಾರೆ. ಪತ್ರ ಸಿಗದವರು ಬೇರೆ ದಾರಿ ಹುಡುಕಿದರು. ಒಲೆಯನ್ನೇ ಮುಚ್ಚಿದರು, ಚಿಮಣಿಯನ್ನು ಮರೆಮಾಡಿದರು. ಆಕ್ಸ್‌ಫರ್ಡ್ ಸೀಮೆಯ ಚರ್ಚಿಲ್ ಎಂಬ ಹಳ್ಳಿಯಲ್ಲಿ 1684ರಲ್ಲಿ ರೊಟ್ಟಿ ಸುಡುವ ಹೆಂಗಸೊಬ್ಬಳು ತೆರಿಗೆ ಉಳಿಸಲೆಂದು ಗೋಡೆ ಕೊರೆದು ತನ್ನ ಒಲೆಯ ಹೊಗೆಯನ್ನು ನೆರೆಮನೆಯ ಚಿಮಣಿಗೆ ಹಾಯಿಸಿದಳೆಂದೂ, ಅದರಿಂದ ಹೊತ್ತಿದ ಬೆಂಕಿಯಲ್ಲಿ ಇಪ್ಪತ್ತು ಮನೆಗಳು ಸುಟ್ಟು ನಾಲ್ವರು ಸತ್ತರೆಂದೂ ಹೇಳುತ್ತಾರೆ. ಎರಡು ಷಿಲಿಂಗಿನ ತೆರಿಗೆಗೆ ಒಂದು ಊರೇ ಬೂದಿ!

1688ರ ಕ್ರಾಂತಿಯಾದ ಮರುವರ್ಷವೇ ಹೊಸ ಅರಸ ವಿಲಿಯಂ ಮತ್ತು ಅರಸಿ ಮೇರಿಯರು ಒಲೆಯ ತೆರಿಗೆಯನ್ನು ತೆಗೆದುಹಾಕಿದರು. ರದ್ದುಪಡಿಸಿದ ಶಾಸನ ಕೊಟ್ಟ ಕಾರಣವನ್ನು ನೋಡಬೇಕು: ಅಪರಿಚಿತರು ಮನಬಂದಾಗ ಮನೆಗೆ ನುಗ್ಗಿ ಶೋಧಿಸಲು ಎಡೆಮಾಡಿಕೊಡುವ ಈ ತೆರಿಗೆ ಜನರ ಕೊರಳಿಗೆ ಕಟ್ಟಿದ ಗುಲಾಮಗಿರಿಯ ಗುರುತಿನಂತಿದೆ ಎಂದು ಅದು ಸಾರಿತು. ಹೊರೆ ಹೆಚ್ಚೆಂಬುದಕ್ಕಿಂತ ಹೊಸ್ತಿಲು ದಾಟಿದರೆಂಬುದು ದೊಡ್ಡ ಅಪರಾಧವಾಯಿತು.

ಹೊಸ ಅರಸನಿಗೂ ಹಣ ಬೇಕಲ್ಲ! ನಾಣ್ಯಗಳ ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯುವ ಹಾವಳಿ ಮಿತಿಮೀರಿದ್ದರಿಂದ ದೇಶದ ನಾಣ್ಯವನ್ನೆಲ್ಲ ಹೊಸದಾಗಿ ಟಂಕಿಸಬೇಕಾಗಿತ್ತು. ಆ ಖರ್ಚಿಗಾಗಿ 1696ರಲ್ಲಿ ಕಿಟಕಿಯ ತೆರಿಗೆ ಬಂದಿತು. ಮನೆಗೆ ಎರಡು ಷಿಲಿಂಗು. ಹತ್ತು ಕಿಟಕಿಗಳಾದರೆ ಇನ್ನೂ ನಾಲ್ಕು, ಇಪ್ಪತ್ತಕ್ಕೆ ಮೀರಿದರೆ ಎಂಟು. ಇದರ ಜಾಣತನವಿರುವುದು ಎಣಿಸುವ ಕ್ರಮದಲ್ಲಿ. ಕಿಟಕಿಯನ್ನು ಬೀದಿಯಲ್ಲಿ ನಿಂತೇ ಎಣಿಸಬಹುದು. ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಕೆಲಸ ಮುಗಿಯಿತು. ಕೋಟೆಯ ಬಾಗಿಲು ಮುಚ್ಚಿಯೇ ಇರಬಹುದು. ಆದರೆ ಹೊರಗಿನ ನೋಟಕ್ಕೆ ಕುರುಡಿದೆ. 1776ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಆಡಂ ಸ್ಮಿತ್ ಇದನ್ನು ಚೆನ್ನಾಗಿ ತೋರಿಸಿದ್ದಾನೆ. ಹಳ್ಳಿಯಲ್ಲಿ ಹತ್ತು ಪೌಂಡು ಬಾಡಿಗೆಯ ಮನೆಗೆ ಲಂಡನ್ನಿನ ಐನೂರು ಪೌಂಡಿನ ಮನೆಗಿಂತ ಹೆಚ್ಚು ಕಿಟಕಿಗಳಿರಬಹುದು; ಹಳ್ಳಿಯವನು ಬಡವನಾಗಿದ್ದೂ ಹೆಚ್ಚು ಕೊಡಬೇಕಾಗುತ್ತದೆ ಎಂದು ಅವನ ವಾದ.

ಜನ ಕಿಟಕಿಗಳಿಗೆ ಇಟ್ಟಿಗೆ ಇಟ್ಟು ಮುಚ್ಚಿದರು. ಲಂಡನ್ನಿನ ಹಳೆಯ ಬೀದಿಗಳಲ್ಲಿ ಇಂಥ ಕುರುಡು ಕಿಟಕಿಗಳನ್ನು ನಾನು ಕಂಡಿದ್ದೇನೆ. ಎಲ್ಲವೂ ತೆರಿಗೆಯ ಸಂತಾನವಲ್ಲ. ಕೆಲವನ್ನು ಶಿಲ್ಪಿಗಳು ಬರಿಯ ಅಂದಕ್ಕಾಗಿ, ಎಡಬಲ ಸರಿದೂಗಲೆಂದು ಹಾಗೆ ಕಟ್ಟಿದ್ದೂ ಉಂಟು. ಇನ್ನು ಕಿಟಕಿ ಎಂದರೇನು ಎಂಬುದೇ ದೊಡ್ಡ ಜಿಜ್ಞಾಸೆಯಾಯಿತು. 1848ರಲ್ಲಿ ಕೇಂಬ್ರಿಜ್ಜಿನ ಪ್ರಾಧ್ಯಾಪಕರೊಬ್ಬರು ಕಲ್ಲಿದ್ದಲು ಇಡುವ ನೆಲಮಾಳಿಗೆಯ ಗೋಡೆಯ ತೂತಿಗೂ ತೆರಿಗೆ ತೆರಬೇಕಾಯಿತಂತೆ. ಇಂಥ ತಕರಾರುಗಳನ್ನು ಕೇಳಲು ಸ್ಥಳೀಯ ಕಮಿಷನರುಗಳಿದ್ದರು; ಅವರ ತೀರ್ಪು ಒಪ್ಪಿಗೆಯಾಗದಿದ್ದರೆ ವಿಷಯ ನ್ಯಾಯಾಧೀಶರ ಅಭಿಪ್ರಾಯಕ್ಕೆ ಹೋಗುವ ದಾರಿಯೂ ಹದಿನೆಂಟನೆಯ ಶತಮಾನದಲ್ಲೇ ತೆರೆಯಿತು. ಬೀದಿಯಿಂದ ಎಣಿಸುವ ಸರ್ಕಾರ, ತಪ್ಪೆಣಿಸಿದ್ದೀರೆಂದು ಒಳಗಿನಿಂದ ಕೂಗುವ ಗೃಹಸ್ಥ, ನಡುವೆ ಒಬ್ಬ ತೀರ್ಪುಗಾರ ಎಂಬ ಏರ್ಪಾಟು ಆಗ ನೆಲೆಗೊಂಡಿತು. ಕತ್ತಲೆ ಕೋಣೆಗಳಿಂದ ರೋಗ ಹೆಚ್ಚುತ್ತದೆಂದು ವೈದ್ಯರು ಗುಲ್ಲೆಬ್ಬಿಸಿದ ಮೇಲೆ 1851ರಲ್ಲಿ ಕಿಟಕಿಯ ತೆರಿಗೆ ಕೊನೆಗೊಂಡಿತು.

ಈ ಬಗೆಯ ಕಂದಾಯವನ್ನು ಅದೇ ಜನರ ಈಸ್ಟ್ ಇಂಡಿಯಾ ಕಂಪನಿ ನಮ್ಮ ದೇಶಕ್ಕೂ ತಂದಿತ್ತು. 1810ರಲ್ಲಿ ಕಾಶಿಯಲ್ಲಿ ಮನೆಗಂದಾಯ ಹಾಕಿದಾಗ ಅಲ್ಲಿನ ಜನ ಕಿಟಕಿ ಮುಚ್ಚಲಿಲ್ಲ, ಅಂಗಡಿ ಮುಚ್ಚಿದರು. ಸಹಸ್ರಾರು ಮಂದಿ ಮನೆ ಬಿಟ್ಟು ಊರ ಹೊರಗಿನ ಬಯಲಿನಲ್ಲಿ ಧರಣಿ ಕೂತರು. ಕೊನೆಗೆ ಕಂಪನಿಯೇ ಹಿಂಜರಿಯಬೇಕಾಯಿತು. ಈ ಪ್ರಸಂಗದ ಕಾಗದಪತ್ರಗಳನ್ನು ಧರ್ಮಪಾಲರು 1971ರ ತಮ್ಮ ಪುಸ್ತಕದಲ್ಲಿ ಒಟ್ಟುಗೂಡಿಸಿಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಒಬ್ಬೊಬ್ಬ ಗೃಹಸ್ಥ ತನ್ನ ಕಿಟಕಿಗಾಗಿ ವಾದಿಸಿದರೆ, ಕಾಶಿಯಲ್ಲಿ ಊರಿಗೆ ಊರೇ ಒಂದು ಅರ್ಜಿಯಾಯಿತು.

ಇತ್ತ ಇಂಗ್ಲೆಂಡಿನಲ್ಲಿ 1601ರ ಬಡವರ ಕಾನೂನಿನಿಂದ ಬೆಳೆದುಬಂದ ‘ರೇಟ್ಸ್’ ಎಂಬ ಸ್ಥಳೀಯ ಕಂದಾಯವೂ ಇತ್ತು. ಮನೆ ವರ್ಷಕ್ಕೆ ಎಷ್ಟು ಬಾಡಿಗೆ ತರಬಲ್ಲದು ಎಂಬ ಅಂದಾಜಿನ ಮೇಲೆ ಅದರ ಲೆಕ್ಕ. ಕಾಲಕಾಲಕ್ಕೆ ಬೆಲೆಯನ್ನು ಹೊಸದಾಗಿ ಕಟ್ಟಬೇಕು; ಕಟ್ಟಿದಾಗಲೆಲ್ಲ ಯಾರದೋ ಹೊರೆ ಏರುತ್ತದೆ, ಏರಿದವರು ಕೂಗುತ್ತಾರೆ, ಇಳಿದವರು ಸುಮ್ಮನಿರುತ್ತಾರೆ. ಇಂಗ್ಲೆಂಡಿನಲ್ಲಿ ವಾಸದ ಮನೆಗಳಿಗೆ 1973ರ ತರುವಾಯ ಹೀಗೆ ಬೆಲೆ ಕಟ್ಟಲೇ ಇಲ್ಲ. ಸ್ಕಾಟ್ಲೆಂಡಿನಲ್ಲಿ 1985ರಲ್ಲಿ ಕಟ್ಟಿದರು; ಎದ್ದ ಕೂಗಿಗೆ ಬೆದರಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಮನೆಯನ್ನು ಬಿಟ್ಟು ಮನುಷ್ಯನ ತಲೆಯನ್ನೇ ಎಣಿಸಲು ಹೊರಟಿತು. ಆ ತಲೆಗಂದಾಯ ಸ್ಕಾಟ್ಲೆಂಡಿಗೆ 1989ರಲ್ಲೂ ಇಂಗ್ಲೆಂಡು, ವೇಲ್ಸ್‌ಗಳಿಗೆ 1990ರಲ್ಲೂ ಬಂದಿತು. ಡ್ಯೂಕನಿಗೂ ಅವನ ತೋಟದ ಮಾಲಿಗೂ ಒಂದೇ ದರವೆಂದರೆ ಯಾರು ಒಪ್ಪಿಯಾರು? 1990ರ ಮಾರ್ಚ್ 31ರಂದು ಟ್ರಫಾಲ್ಗರ್ ಚೌಕದಲ್ಲಿ ದೊಂಬಿಯಾಯಿತು. ಅದೇ ನವೆಂಬರಿನಲ್ಲಿ ಥ್ಯಾಚರ್ ಅಧಿಕಾರದಿಂದ ಇಳಿದರು. ತಲೆಗಂದಾಯವೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣಗಳಲ್ಲಿ ಅದೂ ಒಂದು.

ಅವರ ಉತ್ತರಾಧಿಕಾರಿ ಜಾನ್ ಮೇಜರ್ ಸರ್ಕಾರ ತರಾತುರಿಯಲ್ಲಿ ಮತ್ತೆ ಮನೆಗೇ ಮರಳಿತು. 1992ರ ಕಾನೂನಿನ ಮೇರೆಗೆ 1993ರ ಏಪ್ರಿಲ್ 1ರಿಂದ ‘ಕೌನ್ಸಿಲ್ ತೆರಿಗೆ’ ಜಾರಿಗೆ ಬಂದಿತು. ಎರಡು ಕೋಟಿಗೂ ಹೆಚ್ಚು ಮನೆಗಳಿಗೆ ಒಂದೆರಡು ವರ್ಷದಲ್ಲಿ ಬೆಲೆ ಕಟ್ಟಬೇಕು. ಒಳಗೆ ಹೋಗಿ ನೋಡಲು ವ್ಯವಧಾನವೆಲ್ಲಿ? ಸರ್ಕಾರಿ ನೌಕರರ ಜೊತೆಗೆ ಮನೆ ಮಾರುವ ಖಾಸಗಿ ದಲ್ಲಾಳಿಗಳಿಗೂ ಕೆಲಸ ಹಂಚಿದರು. ಅವರಲ್ಲಿ ಎಷ್ಟೋ ಮಂದಿ ಮೋಟಾರಿನಲ್ಲಿ ಕುಳಿತು, ಬೀದಿಯುದ್ದಕ್ಕೂ ನಿಧಾನವಾಗಿ ಸಾಗುತ್ತ, ಎಡಕ್ಕೂ ಬಲಕ್ಕೂ ನೋಡಿ ದರ್ಜೆ ಗೀಚಿಕೊಂಡರು. ‘ಎರಡನೆಯ ಗೇರಿನ ಬೆಲೆ’ ಎಂದು ಅದಕ್ಕೆ ಹೆಸರೇ ಬಿದ್ದಿತು. ಕಿಟಕಿ ಎಣಿಸುತ್ತಿದ್ದವನು ಕಾಲ್ನಡಿಗೆಯಲ್ಲಾದರೂ ಬರುತ್ತಿದ್ದ!

ತಪ್ಪಾಗುವುದೆಂದು ಗೊತ್ತಿದ್ದೇ ದರ್ಜೆಗಳನ್ನು ಅಗಲವಾಗಿ ಮಾಡಿದ್ದರು. ಇಂಗ್ಲೆಂಡಿನಲ್ಲಿ ಎ ಇಂದ ಹೆಚ್ ವರೆಗೆ ಎಂಟು ದರ್ಜೆ. 1991ರ ಏಪ್ರಿಲ್ 1ರಂದು ಮಾರಿದ್ದರೆ 40,000 ಪೌಂಡು ಮೀರದಿರುತ್ತಿದ್ದ ಮನೆ ಎ ದರ್ಜೆ; 68,000 ದಾಟಿ 88,000 ವರೆಗಿನದು ಡಿ; 88,000 ದಾಟಿ 1,20,000 ವರೆಗಿನದು ಇ; 3,20,000 ಮೀರಿದ್ದೆಲ್ಲ ಹೆಚ್. ಡಿ ದರ್ಜೆಯವನು ಒಂಬತ್ತು ಪಾಲು ಕೊಟ್ಟರೆ ಎ ದರ್ಜೆಯವನು ಆರು, ಇ ದರ್ಜೆಯವನು ಹನ್ನೊಂದು, ಹೆಚ್ ದರ್ಜೆಯವನು ಹದಿನೆಂಟು. ಎಂದರೆ ಅರಮನೆಯಂಥ ಮನೆಯೂ ಗುಬ್ಬಚ್ಚಿ ಗೂಡಿನ ಮೂರರಷ್ಟು ಮಾತ್ರ ತೆರುತ್ತದೆ.

ಇದಕ್ಕಿಂತ ವಿಚಿತ್ರವೆಂದರೆ ಇಂಗ್ಲೆಂಡಿನಲ್ಲಿ ಆ 1991ರ ಬೆಲೆಯೇ ಇಂದಿಗೂ ಆಧಾರ. ವೇಲ್ಸ್ 2005ರಲ್ಲಿ ಹೊಸ ಬೆಲೆಗಳನ್ನು ಜಾರಿಗೆ ತಂದಿತು. ಇಂಗ್ಲೆಂಡು ಅದೇ ವರ್ಷ ತನ್ನ ಸರದಿಯನ್ನು ಮುಂದೂಡಿತು. ಹೀಗಾಗಿ 2020ರಲ್ಲಿ ಕಟ್ಟಿದ ಮನೆಗೂ, ಅದು 1991ರಲ್ಲಿ ಇದ್ದಿದ್ದರೆ ಎಷ್ಟಕ್ಕೆ ಮಾರುತ್ತಿತ್ತು ಎಂದು ಬೆಲೆ ಕಟ್ಟಬೇಕು. ಹುಟ್ಟದ ಮಗುವಿಗೆ ಜಾತಕ ಬರೆದಂತೆ!

ಹಾಗಾದರೆ ಎರಡನೆಯ ಗೇರಿನಲ್ಲಿ ಆದ ತಪ್ಪನ್ನು ತಿದ್ದುವವರು ಯಾರು? ಗೃಹಸ್ಥನೇ. ಮನೆಗೆ ಹೊಸದಾಗಿ ತೆರಿಗೆದಾರನಾಗಿ ಬಂದವನು ಆರು ತಿಂಗಳೊಳಗೆ ಬೆಲೆಕಟ್ಟುವ ಕಚೇರಿಗೆ ವಿಧ್ಯುಕ್ತವಾಗಿ ತಕರಾರು ಸಲ್ಲಿಸಬಹುದು. ಈ ತೆರಿಗೆ ಸಾಮಾನ್ಯವಾಗಿ ವಾಸಮಾಡುವವನ ಮೇಲೆ ಬೀಳುವುದರಿಂದ, ಉದ್ಯೋಗಕ್ಕೆಂದು ಅಲ್ಲಿಗೆ ಹೋಗಿ ಬಾಡಿಗೆ ಮನೆ ಹಿಡಿದ ನಮ್ಮ ಕನ್ನಡದ ಹುಡುಗನಿಗೂ ಆ ಹಕ್ಕಿದೆ. ಅವಧಿ ಮೀರಿದವರೂ ಪುರಾವೆ ಕೊಟ್ಟು ಮರುಪರಿಶೀಲನೆ ಕೇಳಬಹುದು. ಪುರಾವೆಯೆಂದರೆ ತನ್ನದರಂಥದೇ ಅಳತೆ, ವಯಸ್ಸು, ಬಗೆಯ ಮನೆಗಳು ಕೆಳಗಿನ ದರ್ಜೆಯಲ್ಲಿರುವುದು. ಇಲ್ಲವೆ 1991ರ ಆಸುಪಾಸಿನ ಮಾರಾಟದ ಬೆಲೆ. ವಿಧ್ಯುಕ್ತ ತಕರಾರಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೂರು ತಿಂಗಳೊಳಗೆ ಸ್ವತಂತ್ರವಾದ ಬೆಲೆಕಟ್ಟು ನ್ಯಾಯಮಂಡಲಿಗೆ ಮೇಲ್ಮನವಿ, ಅದಕ್ಕೆ ಶುಲ್ಕವಿಲ್ಲ. 2007ರಲ್ಲಿ ಮಾರ್ಟಿನ್ ಲೂಯಿಸ್ ಎಂಬ ಪತ್ರಕರ್ತರು ಟೆಲಿವಿಷನ್ನಿನಲ್ಲಿ ಈ ದಾರಿಯನ್ನು ವಿವರಿಸಿದ ಮೇಲೆ ಅರ್ಜಿಗಳ ಪ್ರವಾಹವೇ ಹರಿಯಿತು. ವರ್ಷಾನುಗಟ್ಟಲೆ ಹೆಚ್ಚಾಗಿ ಕೊಟ್ಟ ಹಣವನ್ನು ಹಿಂದಕ್ಕೆ ಪಡೆದವರು ಅನೇಕರು.

ಆದರೆ ಈ ಹಕ್ಕಿನಲ್ಲಿ ಒಂದು ಮುಳ್ಳಿದೆ. ದರ್ಜೆ ಇಳಿಯಬಹುದು, ಇದ್ದಲ್ಲೇ ಇರಬಹುದು, ಏರಲೂಬಹುದು. ಇನ್ನೂ ಕಷ್ಟದ ಸಂಗತಿಯೆಂದರೆ, ನನ್ನ ಮನೆ ಇ, ಪಕ್ಕದ ಮನೆ ಡಿ ಎಂದು ನಾನು ದೂರಿದರೆ, ನನ್ನದೇ ಸರಿ, ಪಕ್ಕದವನದೇ ತಪ್ಪು ಎಂದು ಕಚೇರಿ ತೀರ್ಮಾನಿಸಿ ಅವನ ದರ್ಜೆಯನ್ನು ಏರಿಸಬಹುದು. ಹಾಲು ಮೊಸರು ಕಡ ಕೊಡುವ ನೆರೆಯವನೇ ನನ್ನ ಮೊಕದ್ದಮೆಯ ಸಾಕ್ಷಿ. ಸಾಕ್ಷಿಗೇ ಶಿಕ್ಷೆಯಾಗುವ ಸಂಭವ. ಬಾಯಿಬಿಟ್ಟರೆ ನೆರೆ ಹೋಗುತ್ತದೆ, ಸುಮ್ಮನಿದ್ದರೆ ಹಣ ಹೋಗುತ್ತದೆ.

ಯಾವ ಸರ್ಕಾರವೂ ಕೋಟಿಗಟ್ಟಲೆ ಮನೆಗಳನ್ನು ತಪ್ಪಿಲ್ಲದೆ ಎಣಿಸಲಾರದು. ಅದನ್ನು ಯಾರೂ ನಿರೀಕ್ಷಿಸಬೇಕಾಗಿಲ್ಲ. ತಪ್ಪನ್ನು ತೋರಿಸಲು ಒಂದು ಬಾಗಿಲಿರುವುದು, ಅದಕ್ಕೆ ಕಾಸು ಕೇಳದಿರುವುದು ಸಣ್ಣ ಮಾತಲ್ಲ. ಆದರೆ ಆ ಬಾಗಿಲನ್ನು ತಟ್ಟುವವರು ಎಂಥವರು? ಪುರುಸೊತ್ತು ಇರುವವರು, ಕಾಗದಪತ್ರ ಬಲ್ಲವರು, ಮೂವತ್ತು ವರ್ಷದ ಹಿಂದಿನ ಮಾರಾಟದ ಬೆಲೆಯನ್ನು ಹುಡುಕಬಲ್ಲವರು. ತಿಳಿಯದ ವೃದ್ಧೆ, ಎರಡು ಪಾಳಿ ದುಡಿಯುವ ಕೂಲಿಗಾರ, ಭಾಷೆ ಬಾರದ ವಲಸೆಗಾರ ಪಟ್ಟಿಯಲ್ಲಿ ಬರೆದಷ್ಟನ್ನು ತೆರುತ್ತ ಹೋಗುತ್ತಾರೆ. ಚಾರ್ಲ್ಸ್ ದೊರೆಯ ಕಾಲದಲ್ಲಿ ಬಡವನು ಪಾದ್ರಿಯ ಸಹಿಗಾಗಿ ಕಾಯುತ್ತಿದ್ದ. ಈಗ ಸಹಿ ಬೇಡ, ಪಾದ್ರಿಯೂ ಬೇಡ. ಆದರೆ ನನ್ನದು ತಪ್ಪು ಲೆಕ್ಕವೆಂದು ರುಜುವಾತು ಮಾಡುವ ಹೊರೆ ಮಾತ್ರ ಇಂದಿಗೂ ಅವನ ಹೆಗಲ ಮೇಲೆಯೇ ಇದೆ.