ಟಿಟ್ಟಿಭದ ಹೆಸರು ಮತ್ತು ಪ್ಯಾರಿಸ್ಸಿನ ತಾಮ್ರಫಲಕ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಕಡೆಯ ಕೆರೆಯಂಗಳಗಳಲ್ಲಿ ಕೂಗುವ ಟಿಟ್ಟಿಭ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಪಂಚತಂತ್ರದ ಕಥಾಪರಂಪರೆಯಲ್ಲಿ ತನ್ನ ಮೊಟ್ಟೆಗಳನ್ನು ಅಪಹರಿಸಿದ ಸಮುದ್ರವನ್ನೇ ಎದುರಿಸಿದ ಹಕ್ಕಿಯದು. ಟಿಟ್ಟಿಭವೆಂಬ ಹೆಸರು ಕೂಗಿನ ಅನುಕರಣೆ. ಅದರ ವೈಜ್ಞಾನಿಕ ನಾಮಕ್ಕಾದರೋ ಫ್ರಾನ್ಸಿನ ಒಂದು ಮುದ್ರಿತ ಚಿತ್ರವೇ ಆಧಾರ.

ಬ್ಯೂಫೋನನ ನಿಸರ್ಗಚರಿತ್ರೆಗೆ ಪೂರಕವಾಗಿ 1765ರಿಂದ ಪ್ಯಾರಿಸ್ಸಿನಲ್ಲಿ ವರ್ಣಫಲಕಗಳ ಬೃಹತ್ ಮಾಲೆಯೊಂದು ಹೊರಬಂದಿತು. ಒಟ್ಟು 1008 ಫಲಕಗಳಲ್ಲಿ 973 ಪಕ್ಷಿಗಳವು. ಮೇಲ್ವಿಚಾರಕ ದೋಬಾಂತೋನ್, ಚಿತ್ರಕಾರ ಫ್ರಾನ್ಸ್ವಾ ನಿಕೊಲಾ ಮಾರ್ತಿನೆ. ತಾಮ್ರದ ತಗಡಿನಲ್ಲಿ ರೇಖೆಗಳನ್ನು ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಅಚ್ಚಿಗೆ ಅನಂತರ ಕೈಯಿಂದ ಬಣ್ಣ ಹಾಕಲಾಗುತ್ತಿತ್ತು. ರೇಖೆ ಎಲ್ಲ ಪ್ರತಿಗಳಲ್ಲಿ ಒಂದೇ. ಬಣ್ಣ ಮಾತ್ರ ಕೈಯಿಂದ ಕೈಗೆ ವ್ಯತ್ಯಾಸಗೊಳ್ಳುತ್ತಿತ್ತು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಇವು ಬಣ್ಣದ ಪಾಠಾಂತರಗಳು. ಮೇಲಾಗಿ, ಹಕ್ಕಿಯ ತೊಗಲು ಒಣಗಿದಾಗ ಟಿಟ್ಟಿಭದ ಕಣ್ಣಿನ ಮುಂದಿನ ಕೆಂಪು ಮಾಂಸಲ ಭಾಗ ಬಣ್ಣಗೆಡುತ್ತದೆ. ಒಣತೊಗಲನ್ನಷ್ಟೇ ಕಂಡವನು ಜೀವಂತ ವರ್ಣವನ್ನು ಊಹಿಸಬೇಕಾಗುತ್ತದೆ.

ಲಿನೇಯಸನ ದ್ವಿನಾಮ ಪದ್ಧತಿಯನ್ನು ಬ್ಯೂಫೋನ್ ಒಪ್ಪಲಿಲ್ಲ. ಆದ್ದರಿಂದ ಫಲಕಗಳಲ್ಲಿದ್ದುದು ಫ್ರೆಂಚ್ ಹೆಸರುಗಳು. 807ನೆಯ ಫಲಕದ ಹಕ್ಕಿಯನ್ನು ಗೋವೆಯದೆಂದೂ 880ನೆಯದನ್ನು ಮಲಬಾರ್ ತೀರದ್ದೆಂದೂ ಗುರುತಿಸಲಾಗಿತ್ತು. 1783ರಲ್ಲಿ ಡಚ್ ವೈದ್ಯ ಪೀಟರ್ ಬೊಡ್ಡಾರ್ಟ್ ಈ ಫಲಕಗಳಿಗೊಂದು ಸೂಚಿಯನ್ನು ರಚಿಸಿ ಲ್ಯಾಟಿನ್ ನಾಮಗಳನ್ನಿತ್ತನು. ಕೆಂಪು ಟಿಟ್ಟಿಭದ 'ಇಂಡಿಕಸ್', ಹಳದಿ ಟಿಟ್ಟಿಭದ 'ಮಲಬಾರಿಕಸ್' ಎಂಬ ಇಂದಿನ ನಾಮಗಳು ಅಲ್ಲಿಂದ ಬಂದವು. ಹೀಗೆ ನಾಮಕರಣಕ್ಕೆ ಚಿತ್ರವೇ ಮಾತೃಪ್ರತಿಯಾಯಿತು.

ಮಾತೃಪ್ರತಿಯ ಮಹತ್ತ್ವದೊಡನೆ ಅದರ ಲೋಪಗಳನ್ನೂ ಅರಿಯಬೇಕು. ಮಾರ್ತಿನೆಯ ಫಲಕದಲ್ಲಿ ಗರಿಯ ವಿನ್ಯಾಸವಿದೆ, ಕಾಲಿನ ಅಳತೆಯಿದೆ; ಕೂಗಿಲ್ಲ. ಬರಿನೆಲದಲ್ಲಿ ಕಲ್ಲುಗಳ ನಡುವೆ ಕಲ್ಲಿನಂತೆಯೇ ತೋರುವ ಮೊಟ್ಟೆಗಳಿಲ್ಲ. ಹಕ್ಕಿಯನ್ನು ಹಿಡಿದುಕೊಟ್ಟವರ ಹೆಸರಾಗಲಿ, ಅವರು ಅದನ್ನು ಕರೆಯುತ್ತಿದ್ದ ಮಾತಾಗಲಿ ಇಲ್ಲ. ನಮ್ಮ ಕಥಾಪರಂಪರೆ ಕೂಗನ್ನು ಹೆಸರಿನಲ್ಲಿಯೂ ಮೊಟ್ಟೆಯ ಆತಂಕವನ್ನು ಕಥೆಯಲ್ಲಿಯೂ ಉಳಿಸಿತು. ರೂಪದ ವಿವರಗಳಿಗೆ ಅಷ್ಟು ಗಮನ ಕೊಡಲಿಲ್ಲ. ಪ್ರಾಚೀನ ಕಾವ್ಯಗಳ ಪಕ್ಷಿಗಳನ್ನು ಗುರುತಿಸಹೊರಡುವ ಸಂಶೋಧಕರು ಇವೆರಡು ಆಕರಗಳನ್ನೂ ಎದುರುಬದುರಿಟ್ಟು ಓದಬೇಕು. ಆಮೇಲೆ ಕೆರೆಯಂಗಳಕ್ಕೂ ಹೋಗಬೇಕು.