ಮುಕ್ತಾ ಬರೆದಳು, ಧಾರವಾಡದ ಹುಡುಗ ಬಾಗಿಲು ತಟ್ಟಿದ

ಹೈಸ್ಕೂಲಿನಲ್ಲಿ ನಾವು ಸಂವಿಧಾನದ 17ನೇ ವಿಧಿಯನ್ನು ಬಾಯಿಪಾಠ ಮಾಡಿದೆವು. ಅಸ್ಪೃಶ್ಯತೆ ರದ್ದಾಗಿದೆ, ಆಚರಿಸಿದರೆ ಅಪರಾಧ. ಎರಡು ಅಂಕದ ಪ್ರಶ್ನೆ, ಎರಡಕ್ಕೆ ಎರಡೂ ಬಂತು. ಅದೇ ಶಾಲೆಯಲ್ಲಿ ಕಕ್ಕಸಿಗೆ ನೀರು ಹೊರುವ ಸರದಿ ಮಾತ್ರ ಯಾವಾಗಲೂ ನಮ್ಮ ಕೇರಿಯ ಹುಡುಗರದೇ. ಆ ವಿಧಿಗೂ ಈ ಬಕೆಟ್ಟಿಗೂ ಏನು ಸಂಬಂಧ ಅಂತ ಮೇಷ್ಟ್ರು ಕೇಳಲಿಲ್ಲ. ನಾವೂ ಕೇಳಲಿಲ್ಲ. ಹೆಬ್ಬೆಟ್ಟೊತ್ತಿದ ಅವ್ವಂದಿರ ಮಕ್ಕಳು ನಾವು, ಪಾಸಾದರೆ ಸಾಕಿತ್ತು.

ಮಾನವ ಹಕ್ಕುಗಳನ್ನು ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸಬೇಕು ಅಂತ ಈಗ ತರಬೇತಿಗಳಲ್ಲಿ ಹೇಳುತ್ತಾರೆ. ಆಟ ಆಡಿಸುತ್ತಾರೆ, ಚಾರ್ಟು ಬರೆಸುತ್ತಾರೆ. ಇದು ಹೊರಗಿನಿಂದ ಬಂದ ಹೊಸ ವಿದ್ಯೆ ಅಂತ ತಿಳಿದವರಿದ್ದಾರೆ. ಅಲ್ಲ. ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ತನ್ನ ಘೋಷಣೆಯನ್ನು ಒಪ್ಪುವುದಕ್ಕೆ 93 ವರ್ಷ ಮೊದಲೇ ಈ ಪಾಠ ಪುಣೆಯಲ್ಲಿ ನಡೆದಿತ್ತು.

ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಆಮೇಲೆ ಮಹಾರ್, ಮಾಂಗ್ ಮಕ್ಕಳಿಗೂ ಶಾಲೆ ನಡೆಸಿದರು. ನಮ್ಮ ಕಡೆ ಹೊಲೆಯ ಮಾದಿಗರಿದ್ದ ಹಾಗೆ ಅಲ್ಲಿ ಮಹಾರರು, ಮಾಂಗರು. ಫುಲೆಯವರ ಶಾಲೆಯಲ್ಲಿ ಓದುತ್ತಿದ್ದ ಮಾಂಗ್ ಜಾತಿಯ ಹುಡುಗಿ ಮುಕ್ತಾ. ಹದಿನಾಲ್ಕು ವರ್ಷ. ತನ್ನ ಜನರ ದುಃಖದ ಬಗ್ಗೆ ಅವಳು ಒಂದು ಪ್ರಬಂಧ ಬರೆದಳು. 1855ರಲ್ಲಿ ‘ಜ್ಞಾನೋದಯ’ ಅನ್ನೋ ಮರಾಠಿ ಪತ್ರಿಕೆ ಅದನ್ನು ಅಚ್ಚು ಹಾಕಿತು.

ಏನು ಬರೆದಳು? ದೊಡ್ಡವರ ಮಹಲುಗಳ ಪಾಯಕ್ಕೆ ತನ್ನ ಜನರನ್ನು ಜೀವಂತ ಹೂತದ್ದನ್ನು ಬರೆದಳು. ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ಹೆಂಗಸರ ನೋವನ್ನು ಬರೆದಳು. ವೇದ ಬ್ರಾಹ್ಮಣರದು ಮಾತ್ರ ಅಂತಾದರೆ ನಮ್ಮ ಧರ್ಮ ಯಾವುದು ಅಂತ ಕೇಳಿದಳು. ಕೊನೆಗೆ ತನ್ನವರಿಗೆ ಓದಿ ಅಂದಳು. ಹಕ್ಕು ಅನ್ನೋ ಪದವನ್ನು ಅವಳಿಗೆ ಯಾರೂ ಉರು ಹೊಡೆಸಿರಲಿಲ್ಲ. ಕಂಡದ್ದು, ಕೇಳಿದ್ದು, ಉಂಡದ್ದು ಇವನ್ನೇ ಪ್ರಶ್ನೆ ಮಾಡಿದಳು. ಒಂದು ಶಾಲೆ ಅವಳಿಗೆ ಅಕ್ಷರ ಕೊಟ್ಟು, ಕೂರಲು ಜಾಗ ಕೊಟ್ಟು, ಬರೆದದ್ದನ್ನು ಕೇಳಿಸಿಕೊಂಡಿತು. ಚಟುವಟಿಕೆ ಅಂದರೆ ಇದು.

ಪೇಶ್ವೆಗಳ ಕಾಲದ ಕ್ರೌರ್ಯ ಇಂಗ್ಲಿಷರ ಕಾಲದಲ್ಲಿ ನಿಂತಿತು ಅನ್ನೋ ನೆಮ್ಮದಿ ಮುಕ್ತಾಳ ಬರಹದಲ್ಲಿದೆ. ಆದರೆ ಮರುವರ್ಷವೇ, ಅದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಧಾರವಾಡದಲ್ಲಿ, ಆ ಸರ್ಕಾರದ ಬಣ್ಣ ಬಯಲಾಯಿತು. 1856ರ ಜೂನ್‌ನಲ್ಲಿ ಮಹಾರ್ ಹುಡುಗನೊಬ್ಬನಿಗೆ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಪ್ರವೇಶ ಬೇಕು ಅಂತ ಅರ್ಜಿ ಬಂತು. ನ್ಯಾಯ ಹುಡುಗನ ಕಡೆಗಿದೆ ಅಂತ ಸರ್ಕಾರ ಒಪ್ಪಿತು. ಆದರೆ ಒಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರು ಅಂತ ಬಾಗಿಲು ಹಾಕಿತು. ನೋಡಿ, ನ್ಯಾಯ ಗೊತ್ತಿತ್ತು, ಮಾಡಲಿಲ್ಲ. 1858ರಲ್ಲಿ, ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿವೆ ಅಂತ ಠರಾವು ಬಂತು. ಕಾಗದದ ಮೇಲೆ ಬಾಗಿಲು ತೆರೆಯಿತು. ಅದಾಗಿ ಎಷ್ಟೋ ವರ್ಷದ ಮೇಲೂ ಬಾಲಕ ಭೀಮರಾವ್ ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಾಯಿತು, ಜವಾನ ಬಂದರೆ ಮಾತ್ರ ನೀರು ಕುಡಿಯಬೇಕಾಯಿತು. ಅದೇ ಭೀಮರಾವ್ 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಧಾರವಾಡದ ಹುಡುಗನ ಅರ್ಜಿಯನ್ನು ಎತ್ತಿ ತೋರಿಸಿದರು. ನಮ್ಮ ನೆಲದ ಈ ಕಥೆಯನ್ನು ಪದವಿ ಮುಗಿಯುವವರೆಗೂ ನಮಗೆ ಯಾರೂ ಹೇಳಲಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ಇದನ್ನು ನಾಳೆ ತರಗತಿಗೆ ಒಯ್ಯಿರಿ. ಧಾರವಾಡದ ಅರ್ಜಿಯನ್ನು ಮಕ್ಕಳ ಮುಂದಿಡಿ. ನೀವು ಸರ್ಕಾರವಾಗಿದ್ದರೆ ಏನು ಉತ್ತರ ಬರೆಯುತ್ತಿದ್ದಿರಿ ಅಂತ ಕೇಳಿ, ಬರೆಸಿ. ಊರಿನ ನಕ್ಷೆ ಬರೆಸಿ. ಬಾವಿ, ಗುಡಿ, ಹೋಟೆಲು, ಕ್ಷೌರದಂಗಡಿ, ಸ್ಮಶಾನ ಎಲ್ಲಾ ಬರಲಿ. ಎಲ್ಲಿಗೆ ಎಲ್ಲರೂ ಹೋಗಬಹುದು, ಎಲ್ಲಿಗೆ ಆಗದು, ಯಾಕೆ ಆಗದು? ಶಾಲೆಯ ಕಸ ಗುಡಿಸುವ ಸರದಿಯ ಪಟ್ಟಿಯನ್ನು ಮಕ್ಕಳೇ ಮಾಡಲಿ, ಅದರಲ್ಲಿ ಎಲ್ಲರ ಹೆಸರೂ ಇರಲಿ, ಮೇಷ್ಟ್ರ ಹೆಸರೂ ಇರಲಿ.

ಒಂದು ಎಚ್ಚರ. ಕೇರಿಯ ಮಗುವನ್ನೇ ಎದ್ದು ನಿಲ್ಲಿಸಿ, ನಿನ್ನ ಕಷ್ಟ ಹೇಳು ಅನ್ನಬೇಡಿ. ಹೊರಗೆ ನಿಂತ ಹುಡುಗನ ಪಾರ್ಟನ್ನು ಅವನ ಕೈಲೇ ಮಾಡಿಸಬೇಡಿ, ಅದನ್ನು ಅವನು ದಿನಾ ಮಾಡುತ್ತಾನೆ. ಉತ್ತರ ಹೇಳಬೇಕಾದವರು ಬಾಗಿಲು ಹಾಕಿದವರ ಮಕ್ಕಳು. ಕೇರಿಯ ಮಗು ತಾನಾಗಿ ಬರೆದ ದಿನ ಮಾತ್ರ ತಪ್ಪದೆ ಓದಿ. ಹಾಳೆಯ ಮೇಲೆ ಹೆಸರು ಕೇಳಬೇಡಿ.

ಇದರಿಂದ ಊರಲ್ಲಿ ಗದ್ದಲ ಆದೀತು, ವರ್ಗಾವಣೆ ಮಾಡಿಸಿಯಾರು ಅಂತ ಹೆದರುವವರೂ ಇದ್ದಾರೆ. ಆ ಹೆದರಿಕೆ ಸುಳ್ಳಲ್ಲ. 1856ರ ಸರ್ಕಾರವೂ ಗದ್ದಲಕ್ಕೇ ಹೆದರಿತ್ತು. ಅದರ ಬೆಲೆಯನ್ನು ತೆತ್ತವನು ಸರ್ಕಾರವಲ್ಲ, ಬಾಗಿಲಲ್ಲಿ ನಿಂತ ಹುಡುಗ. ಅವನು ಇವತ್ತು ನಿಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ. ಮುಕ್ತಾಳೂ ಅಲ್ಲೇ ಎಲ್ಲೋ ಇದ್ದಾಳೆ, ಅವಳಿಗೊಂದು ಹಾಳೆ ಕೊಡಿ.